ಗಾಂಜಾ, ಗಂಡ ಮತ್ತ ಗಂಡನ ದೋಸ್ತ

ದವಾಖಾನ್ಯಾಗ ನಮ್ಮ ಖೋಲಿ ಹಲ್ಲಿನ ವಿಭಾಗದ ಬಾಜೂಕ ಇತ್ತು. ಅದು ನಮ್ಮ ಪುಣ್ಯ. ಬಾಗಿಲ ಮ್ಯಾಲ ‘ವ್ಯಸನ ಮತ್ತು ದಾಂಪತ್ಯ ಸಮಾಲೋಚನೆ’ ಅಂತ ಮಾರುದ್ದ ಬೋರ್ಡ್ ಹಾಕಿಸಿದ್ರು. ಅದನ್ನ ಓದಿ, ಹಗಲೊತ್ತಿನಾಗ, ನಾಕು ಮಂದಿ ಮುಂದ ಒಳಗ ಬರೂ ಧೈರ್ಯ ಕಲಬುರಗ್ಯಾಗ ಯಾವ ಗಂಡಸಿಗೆ ಅದರೀ? ಹಂಗಾಗಿ ನಮ್ಮ ಮಂದಿ ಹಲ್ಲಿನ ಪಾಳಿಯೊಳಗ ನಿಂದರ್ತಿದ್ರು. ಗಲ್ಲಕ್ಕ ಕರ್ಚೀಫ್ ಒತ್ತಿ ಹಿಡಕೊಂಡು, ಯವ್ವಾ ಯಪ್ಪಾ ಅಂತ ನರಳಿಕೋತ, ಆ ಕಡಿ ಈ ಕಡಿ ನೋಡಿ, ಖೂನ-ಗುರ್ತು ಇದ್ದಾವ್ರು ಯಾರೂ ಇಲ್ಲಂದ್ರ ಸಟ್ನ ನಮ್ಮ ಪರದಾ ಸರಿಸಿ ಒಳಗ ಬರ್ತಿದ್ರು. ತನ್ನ ಪೇಷಂಟ್‌ಗಳನ್ನ ನಾ ಕದಿಯಾಕತ್ತೀನಿ ಅಂತ ಹಲ್ಲಿನ ಡಾಕ್ಟರಿಗೆ ನನ್ನ ಮ್ಯಾಲ ಕಡೀತನಕ ಸಿಟ್ಟಿತ್ತು.

ಈಗ ನಾ ರಿಟೈರ್ ಆಗಿ ಶಹಾಬಜಾರದ ಮನ್ಯಾಗ ಕುಂತೀನಿ. ಈ ಕೆಲಸಕ್ಕ ಹೊಸದಾಗಿ ಸೇರಿದ ಹುಡುಗ್ಯಾರು ಬಂದು, “ಮೇಡಂ, ನಿಮ್ಮ ಅನುಭವ ಹೇಳ್ರಿ” ಅಂತಾರ. ಟ್ರೇನಿಂಗಿನಾಗ ಹೇಳಿಕೊಡೂದನ್ನ ನನ್ನ ಕೇಳಬ್ಯಾಡ್ರಿ. ಪರದಾ ಸರಿಸಿ ಬಂದವರು ಏನಂದ್ರು, ನಾವು ಶಾಣ್ಯಾರು ಏನು ತಿಳಕೊಂಡ್ವಿ, ಆಮ್ಯಾಲ ಏನು ಫಜೀತಿ ಆತು, ಅಷ್ಟು ಹೇಳ್ತೀನಿ. ಹೆಸರು ಎಲ್ಲಾ ಬದಲಿ ಮಾಡೀನಿ. ಊರು ಮಾತ್ರ ಬದಲಿ ಮಾಡಾಕ ಬರೂದಿಲ್ಲ, ಯಾಕಂದ್ರ ನಡುವ ಕಮಲಾಪುರದ ಕೆಂಪು ಬಾಳಿಹಣ್ಣು ಬರ್ತದ.

ನಾ ಸೇರಿದಾಗ ನಮ್ಮ ಹಂತ್ಯಾಕ ಇದ್ದ ಆಯುಧ ಅಂದ್ರ ಒಂದು ಪೋಸ್ಟರ್. ಅದರಾಗ ತಲಿಬುರುಡಿ, ಅದರ ಬಾಯಾಗ ಚಿಲುಮಿ, ಕೆಳಗ ‘ಗಾಂಜಾ ಸಾವಿಗೆ ದಾರಿ’. ಕಾಲೇಜಿನಾಗ ಹಂಚಿದ್ವಿ. ಹುಡುಗೂರು ಭಾಳ ಪ್ರೀತಿಲೆ ಇಸಕೊಂಡು ಹೋಗಿ ಹಾಸ್ಟೆಲಿನ ಗ್ವಾಡಿಗೆ ಅಂಟಿಸಿಕೊಂಡ್ರು. ಇನ್ನೂ ಇದ್ರ ಕೊಡ್ರಿ ಅಂತ ತಿರುಗಿ ಬಂದ್ರು. ನಮ್ಮ ಮ್ಯಾಲಿನವರು ‘ಜಾಗೃತಿ ಕಾರ್ಯಕ್ರಮ ಅತ್ಯಂತ ಯಶಸ್ವಿ’ ಅಂತ ವರದಿ ಕಳಿಸಿದ್ರು.

ಖರೇ ಮಾತು ಹೇಳಬೇಕಂದ್ರ, ಸಾವಿಗೆ ಅಂಜಿ ನಮ್ಮ ಕಡಿ ಯಾರೂ ಬರ್ತಿದ್ದಿಲ್ಲ. ಬರ್ತಿದ್ದು ಹಾಸಿಗಿ ಸಲುವಾಗಿ. ಗಾಂಜಾದ ಒಂದು ಝುರಕಿ ಎಳದ್ರ ಗಂಡಸು ಕುದುರಿ ಆಗ್ತಾನ ಅಂತ ಕಟ್ಟಿ ಮ್ಯಾಲ ಕುಂತ ಪಂಡಿತರು ಹೇಳಿರ್ತಿದ್ರು. ಅದನ್ನ ನಂಬಿ ಎಳದಾವ್ರು, ಕುದುರಿ ಯಾಕೋ ಲಾಯದಿಂದ ಹೊರಗ ಬರವಲ್ದು ಅಂತ ನಮ್ಮ ಮುಂದ ಬಂದು ಕೂಡ್ತಿದ್ರು.

ಒಬ್ಬ ಆಟೋದಾಂವ ಇದ್ದ, ಐವಾನ್-ಎ-ಶಾಹಿ ಕಡಿ ಗಾಡಿ ಹೊಡಿತಿದ್ದ. ಅವಗ ತಕ್ಲೀಫೇ ಇದ್ದಿಲ್ಲ, ಹೆಂಡತಿ ಎಳಕೊಂಡು ಬಂದಿದ್ಲು. “ನಾ ಸೇದಿದ ದಿನ ಒಂದೊಂದು ತಾಸು ಪ್ರೀತಿ ಮಾಡ್ತೀನಿ ಮೇಡಂ, ಆದ್ರೂ ಇಕಿದು ಗುಣುಗುಣು ಮುಗಿಯೂದಿಲ್ಲ” ಅಂದ. ಹೆಂಡತಿ ಅಲ್ಲೇ ಹಣಿ ಚಚ್ಚಿಕೊಂಡ್ಲು. “ತಾಸಂತ ತಾಸು! ಒಲಿ ಮ್ಯಾಲ ಹಾಲಿಟ್ಟು ಒಳಗ ಹೋಗಿದ್ದೆರೀ. ಹಾಲು ಉಕ್ಕೂದ್ರಾಗ ತಿರುಗಿ ಬಂದು ಒಲಿ ಆರಿಸೀನಿ!” ಗಾಂಜಾದ ಅಮಲಿನಾಗ ಹೊತ್ತು ಉದ್ದ ಆದಂಗ ಅನಸ್ತದ ಅಂತ ನಾವು ಅವಗ ತಿಳಿಸಿ ಹೇಳಿದ್ವಿ. ಅಂವ ನಂಬಲಿಲ್ಲ. ಆ ಹಾಲಿನಾಗ ನೀರು ಭಾಳ ಇರಬೇಕು ಅಂದ.

ಬರೇ ಇಂಥವರೇ ಬರ್ತಿದ್ರು ಅಂದ್ರ ನಮ್ಮ ಕೆಲಸ ಹಗುರ ಇರ್ತಿತ್ತು. ನಮ್ಮ ಓಣಿ ಆಚಿಕಿನ ಗಾಜಿನ ಬಳಿ ಅಂಗಡಿಯಾಕಿ ಒಬ್ಬಾಕಿ ಬಂದು, “ಬಾಯಾರ, ನನ್ನ ಗಂಡಗ ಅದನ್ನ ಬಿಡಸಬ್ಯಾಡ್ರಿ, ಕೈ ಮುಗೀತೀನಿ” ಅಂತ ಕುಂತ್ಲು. ಯಾಕವ್ವಾ ಅಂದೆ. “ಸೇದಿದ ದಿನ ನನ್ನ ಕೂಡ ಎರಡು ಮಾತಾಡ್ತಾನ, ಕೂದಲಾಗ ಕೈಯಾಡಸ್ತಾನ. ಸೇದದಿದ್ರ ಹುಲಿ. ನೀವು ಬಿಡಸಿದ್ರ ನನಗ ಆ ಎರಡು ಮಾತೂ ಹೋದ್ವು” ಅಂದ್ಲು. ನಾ ಆಕಿಗೆ ಚಾ ತರಿಸಿ ಕೊಟ್ಟು, ಗಂಡನ್ನ ಕರಕೊಂಡು ಬಾ ಅಂದೆ. ಹುಲಿ ಬರಲಿಲ್ಲ.

ಅಷ್ಟರಾಗ ನಮಗ ಹೊಸ ಡಾಕ್ಟರ್ ಬಂದ್ರು. ಮೈಸೂರು ಕಡಿಯವರು, ವಯಸ್ಸು ಸಣ್ಣದು, ಮನಸ್ಸು ಭಾಳ ಛೊಲೊ, ಮಾತು ಮಾತ್ರ ಅಚ್ಚು ಹಾಕಿಸಿದಂಗ. ಒಂದೇ ತಿಂಗಳಿನಾಗ ಒಂದು ವಿಷಯ ಅವರ ಲಕ್ಷಕ್ಕ ಬಂತು. ಇಲ್ಲಿ ಯಾವ ಗಂಡಸಿಗೂ ರೋಗ ಇಲ್ಲ, ಎಲ್ಲಾ ರೋಗ ಅವರ ದೋಸ್ತರಿಗೆ. “ನಮ್ಮ ದೋಸ್ತ ಒಬ್ಬ ಅದಾನರೀ, ಅವಗ ಮನ್ಯಾಗ ಜರಾ ಪರೇಶಾನಿ ಅದ” ಅಂತ ಶುರು ಮಾಡ್ತಿದ್ರು. ಹಿಂಗ ಬಂದಾವ್ರ ಮುಂದ ‘ಅದು ನೀವೇ ಹೌದಲ್ಲೊ’ ಅಂದ್ರ ಎದ್ದು ಹೋಗ್ತಿದ್ರು. ಅದಕ್ಕ ಡಾಕ್ಟರ್ ಒಂದು ಪದ್ಧತಿ ಹಾಕಿದ್ರು. ದೋಸ್ತ ಅಂದ್ರ ನಾವೂ ದೋಸ್ತ ಅನಬೇಕು, ದೋಸ್ತನ ನೆಪ ಮಾಡಿ ಕುಂತಾವನಿಗೇ ಔಷಧ ಕೊಡಬೇಕು. ಪದ್ಧತಿ ಭಾಳ ಛೊಲೊ ನಡೀತು. ಎಷ್ಟೋ ಮಂದಿ ದೋಸ್ತರು ಆರಾಮಾಗಿ ಹೋದ್ರು. ಒಬ್ಬ ಅಂತೂ ಆರಾಮಾದ ಖುಷಿಗೆ ದೋಸ್ತನ ಹೆಸರಿಲೆ ನಮಗ ಪೇಢೆ ತಂದುಕೊಟ್ಟ.

ಇಂಥ ಪದ್ಧತಿ ಪಕ್ಕಾ ಆಗಿ ಕುಂತ ಕಾಲಕ್ಕ ಕಮಲಾಪುರದಿಂದ ಶರಣು ಬಂದ.

ಶರಣು ಅಂದ್ರ ಟ್ರ್ಯಾಕ್ಟರ್ ಸಾಮಾನಿನ ಅಂಗಡಿ ಇಟ್ಟಾಂವ, ಇನ್ನೂ ಮದುವಿ ಆಗದಾಂವ, ಇದು ನಮಗ ಆಮ್ಯಾಲ ಗೊತ್ತಾತು. ಒಳಗ ಬಂದಾವನೇ ಬೆವರು ಒರಸಿಕೊಂಡು, “ಮೇಡಂ, ನಮ್ಮ ದೋಸ್ತ ಮಲ್ಲು ಅಂತ ಅದಾನರೀ” ಅಂದ. ಡಾಕ್ಟರ್ ನನ್ನ ಮಾರಿ ನೋಡಿದ್ರು, ನಾ ಡಾಕ್ಟರ್ ಮಾರಿ ನೋಡ್ದೆ. ಹೆಸರಿಟ್ಟ ದೋಸ್ತ ಇದೇ ಮೊದಲು, ಇಂವ ಭಾಳ ಮುಂದ ಹೋಗ್ಯಾನ ಅಂತ ಇಬ್ಬರಿಗೂ ಅನಿಸ್ತು.

ಶರಣು ಹೇಳಿದ್ದು ಇಷ್ಟು. ಮಲ್ಲೂನದು ಬಾಳಿ ತೋಟ. ಸಂಜಿ ಆತಂದ್ರ ತೋಟದಾಗ ಕುಂತು ಗಾಂಜಾ ಸೇದ್ತಾನ, ದಿನಾ ಸೇದ್ತಾನ. ಮದುವಿ ಆಗಿ ಎರಡು ವರ್ಷದ ಮ್ಯಾಲಾತು, ಮಕ್ಕಳಿಲ್ಲ. ಮಕ್ಕಳಿಲ್ಲ ಅಂತ ಅವರವ್ವ ಅವಗ ದಿನಾ ಕೆಂಪು ಬಾಳಿಹಣ್ಣು ತಿನಸಾಕತ್ತಾಳ, ಅದರಿಂದ ಹೊಟ್ಟಿ ಕೆಟ್ಟದ, ಬ್ಯಾರೆ ಏನೂ ಆಗಿಲ್ಲ. ಈಗ ಅವ್ವ ಏನಂತಾಳಂದ್ರ, ದ್ವಾಷ ಸೊಸಿದು, ಸೊಸಿ ತಂಗಿನ್ನ ಇದೇ ಮನಿಗೆ ಎರಡನೇ ಹೆಂಡತಿ ಅಂತ ಕೊಡ್ರಿ. ಆ ತಂಗಿ ಇನ್ನೂ ಪಿಯುಸಿ ಓದಾಕತ್ತಾಳ. ಬೀಗರು ಬಡವರು, ಇಲ್ಲ ಅಂದ್ರ ದೊಡ್ಡಾಕಿನ್ನ ಬಿಟ್ಟು ಕಳಿಸ್ತಾರ ಅಂತ ಅಂಜ್ಯಾರ. ಪಂಚಮಿ ಹಬ್ಬಕ್ಕ ಬೀಗರು ಮಗಳನ್ನ ಕರಿಯಾಕ ಬಂದಾಗ ಹಿರ್ಯಾರು ಕುಂತು ಇದನ್ನ ಕಡ್ಡಿ ಮುರದಂಗ ಮಾಡಿ ಬಿಡ್ತಾರ.

“ಅದಕ್ಕ ಕೇಳಾಕ ಬಂದೀನಿ ಡಾಕ್ಟ್ರೇ. ಗಾಂಜಾದಿಂದ ಗಂಡಸಿಗೆ ಹಿಂಗಾಗ್ತದೇನ್ರೀ? ಆಗ್ತದಂದ್ರ ಆ ಹುಡುಗಿ ಜೀವ ಉಳೀತದ.”

ಡಾಕ್ಟರ್ ಮೆಲ್ಲಕ, ಭಾಳ ಪ್ರೀತಿಲೆ ಹೇಳಿದ್ರು. “ಆಗಬಹುದು. ಯಾವಾಗಲೋ ಸ್ವಲ್ಪ ಸೇದಿದವರಿಗೆ ಭಯ, ಸಂಕೋಚ ಕಡಿಮೆಯಾಗಿ ಆಸೆ ಹೆಚ್ಚಿದಂತೆ ಅನ್ನಿಸಬಹುದು. ದಿನವೂ ಸೇದುವವರಲ್ಲಿ ಕೆಲವರಿಗೆ ಆಸೆಯೇ ಮಂಕಾಗುತ್ತದೆ, ದೇಹವೂ ಕೈಕೊಡುತ್ತದೆ. ಎಲ್ಲರಿಗೂ ಒಂದೇ ತರಹ ಅಲ್ಲ. ಈಗ ಹೇಳಿ, ನಿಮ್ಮ ಸ್ನೇಹಿತರಿಗೆ ಬೆಳಿಗ್ಗೆ ಎದ್ದಾಗ ಶರೀರದಲ್ಲಿ ಉತ್ತೇಜನ ಇರುತ್ತದೆಯೇ?”

ಶರಣು ಗಾಬರಿ ಆದ. “ಅದು ನನಗ ಹೆಂಗ ಗೊತ್ತಿರ್ತದರೀ?”

“ಗೊತ್ತಿರಲೇಬೇಕಲ್ಲ” ಅಂತ ಡಾಕ್ಟರ್ ನಕ್ಕರು. “ಸಂಕೋಚ ಬೇಡ. ಗಾಂಜಾ ಎಷ್ಟು ವರ್ಷದಿಂದ?”

“ನಾ ಎಲಿ ಅಡಕಿನೂ ತಿನ್ನೂದಿಲ್ಲರೀ!”

“ಇಲ್ಲ ಅನ್ನುವುದೇ ಈ ಕಾಯಿಲೆಯ ಮೊದಲ ಲಕ್ಷಣ” ಅಂತ ಡಾಕ್ಟರ್ ನನ್ನ ಕಡಿ ತಿರುಗಿ ಅಂದ್ರು. ನಾನೂ ಗೋಣು ಹಾಕಿದೆ. ಪಾಪ, ಆ ಹುಡುಗ ಎಷ್ಟು ಇಲ್ಲ ಇಲ್ಲ ಅಂದನೋ ಅವನ ರೋಗ ನಮ್ಮ ಕಣ್ಣಿಗೆ ಅಷ್ಟಷ್ಟು ಹೆಚ್ಚಾಗಾಕತ್ತಿತ್ತು. ಕಡೀಕ ಡಾಕ್ಟರ್ ಅವನ ಬೆನ್ನು ತಟ್ಟಿ, “ಮುಂದಿನ ವಾರ ಹೆಂಡತಿಯನ್ನು ಕರೆದುಕೊಂಡು ಬನ್ನಿ” ಅಂದ್ರು.

“ಹೆಂಡತಿನ್ನ? ನಾನಾ ಕರಕೊಂಡು ಬರಬೇಕಾ?”

“ನೀವಲ್ಲದೆ ಇನ್ಯಾರು?”

ಸಾಹೇಬ್ರು ಹೇಳ್ಯಾರ ಅಂದ್ಮ್ಯಾಲ ಮುಗೀತು. ನಮ್ಮ ಕಡಿ ಮಂದಿಗೆ ಡಾಕ್ಟರ್ ಮಾತು ಅಂದ್ರ ಶಾಸನ. ಮುಂದಿನ ವಾರ ಶರಣು ದೋಸ್ತನ ಹೆಂಡತಿನ್ನ ಮೋಟರ್ ಸೈಕಲ್ ಹಿಂದ ಕೂಡಿಸಿಕೊಂಡು ಬಂದೇಬಿಟ್ಟ. ಆಕಿ ಹೆಸರು ಭಾಗ್ಯ. ಹಲ್ಲು ನೋವು ಅಂತ ಅತ್ತಿ ಮುಂದ ಹೇಳಿ ಬಂದಿದ್ಲು.

ಡಾಕ್ಟರ್ ಆಗಷ್ಟೇ ಯಾವುದೋ ತರಬೇತಿ ಮುಗಿಸಿಕೊಂಡು ಬಂದಿದ್ರು. ಹೊಸ ಪದ್ಧತಿ ಕಲತು ಬಂದಾವ್ರ ಕೈಗೆ ಸಿಕ್ಕ ಮೊದಲನೇ ಪೇಷಂಟಿನ ಗತಿ ದೇವರಿಗೇ ಪ್ರೀತಿ. ಇಬ್ಬರನ್ನೂ ಎದುರಾಬದುರು ಕೂಡಿಸಿ, “ಮಾತು ಬೇಡ. ಇಬ್ಬರೂ ಕೈ ಕೈ ಹಿಡಿದುಕೊಂಡು ಕಣ್ಣಲ್ಲಿ ಕಣ್ಣಿಟ್ಟು ನೋಡಿ” ಅಂದ್ರು. ಶರಣು ಚೇಳು ಕಡದಾವನಂಗ ಕುರ್ಚಿ ಬಿಟ್ಟು ಎದ್ದು ಗ್ವಾಡಿಗೆ ಅಂಟಿ ನಿಂತ. ಡಾಕ್ಟರ್, “ನೋಡಿ, ಸಾಮೀಪ್ಯದ ಭಯ” ಅಂತ ನನಗ ತೋರಿಸಿದ್ರು.

ಆಗ ಭಾಗ್ಯ ಸೆರಗು ಸರಿ ಮಾಡಿಕೊಂಡು ಅಂದ್ಲು. “ಡಾಕ್ಟ್ರೇ, ಇಂವ ನನ್ನ ಗಂಡ ಅಲ್ಲರೀ. ಇಂವ ನಮ್ಮ ಶರಣಣ್ಣ. ನನ್ನ ಗಂಡ ಮಲ್ಲು, ತೋಟದಾಗ ಅದಾನ.”

ನನಗ ನಗು ತಡಕೊಳ್ಳಾಕ ಆಗವಲ್ದು, ನಾಚಿಕಿಯಾಗಿ ನೆಲ ನೋಡಾಕತ್ತೆ. ಡಾಕ್ಟರ್ ಕನ್ನಡಕ ತಗದು ಒರಸಿದ್ರು, ಮತ್ತ ಹಾಕ್ಕೊಂಡ್ರು, ಮತ್ತ ತಗದು ಒರಸಿದ್ರು. ನಮ್ಮ ದವಾಖಾನಿ ಇತಿಹಾಸದಾಗ ದೋಸ್ತನ ಸಲುವಾಗಿ ಖರೇನ ಬಂದ ದೋಸ್ತ ಅಂವ ಒಬ್ಬನೇ. ಅವನನ್ನ ನಾವು ಗಾಂಜಾ ಬಿಡಸಾಕ ಹೋಗಿದ್ವಿ.

ಶರಣೂನ್ನ ಹೊರಗ ಕಳಿಸಿ ಭಾಗ್ಯಾಗ ನೀರು ಕೊಟ್ಟೆ. ಆಕಿ ತಾನೇ ಮಾತಿಗೆ ಕುಂತ್ಲು.

“ಮೊದಮೊದಲು ಸೇದಿ ಬಂದ ದಿನ ಭಾಳ ನಗ್ತಿದ್ದರೀ, ಹಾಡ್ತಿದ್ದ, ಹಂತ್ಯಾಕ ಬರ್ತಿದ್ದ. ನನಗೂ ಖುಷಿ ಆಗ್ತಿತ್ತು, ಸುಳ್ಳ್ಯಾಕ ಹೇಳ್ಲಿ? ಬರ್ತಾ ಬರ್ತಾ ದಿನಾ ಶುರು ಆತು. ಈಗ ಬರ್ತಾನ, ಉಣ್ತಾನ, ನನ್ನ ನೋಡಿ ಸುಮ್ಕ ನಗ್ತಾನ, ಬಾಜೂಕ ಮಲಗ್ತಾನ. ಅಷ್ಟ. ಹೊಡಿಯೂದಿಲ್ಲ, ಬೈಯೂದಿಲ್ಲ. ಹೊಡದಿದ್ರ ಅಪ್ಪಗ ಹೇಳಬಹುದಿತ್ತು. ಬಾಜೂಕ ಇದ್ದೂ ಇರೂದಿಲ್ಲ ಅಂತಂದ್ರ, ಇದನ್ನ ಯಾವ ಬಾಯಿಲೆ ಹಿರ್ಯಾರ ಮುಂದ ಹೇಳ್ಲಿ? ಹೆಣ್ಣುಮಗಳು ಬಾಯಿಬಿಟ್ಟು ನನಗ ಬೇಕು ಅಂದ್ರ ಏನಂತಾರ? ನನ್ನ ಹೋಗ್ಲಿ ಬಿಡ್ರಿ. ನನ್ನ ತಂಗಿ ಸಣ್ಣದರೀ. ಆಕಿನ್ನೂ ತಂದು ಇದೇ ಖೋಲ್ಯಾಗ ಹಾಕ್ತಾರ.”

ನನಗ ಕಣ್ಣಾಗ ನೀರು ಬಂತು. ಸಮಾಲೋಚಕರು ಅಳಬಾರದು ಅಂತ ಟ್ರೇನಿಂಗಿನಾಗ ಹೇಳ್ತಾರ. ಹೇಳಿದಾವ್ರು ಭಾಗ್ಯಾನ ಮುಂದ ಕುಂತಿದ್ದಿಲ್ಲ.

ಗಂಡನ್ನ ಹೆಂಗ ಕರಸೂದು ಅಂತ ವಿಚಾರ ಮಾಡ್ತೀವಿ ಅಂತ ಹೇಳಿ, ಇಬ್ಬರನ್ನೂ ಕಳಿಸಿದ್ವಿ. ಆದ್ರ ಅವತ್ತು ಹಲ್ಲಿನ ಪಾಳಿಯೊಳಗ ನಿಂತ ಕಮಲಾಪುರದಾಂವ ಒಬ್ಬ ಇಬ್ಬರನ್ನೂ ಕೂಡೆ ನೋಡಿಬಿಟ್ಟಿದ್ದ. ಅವಗ ಖರೇನ ಹಲ್ಲು ನೋವಿತ್ತು, ನಮ್ಮ ದುರ್ದೈವ. ಹಲ್ಲು ಕೀಳಿಸಿಕೊಂಡು, ಬಾಯಾಗ ಹತ್ತಿ ಇದ್ರೂ ಸುದ್ದಿ ಮಾತ್ರ ನಿಂದರಲಿಲ್ಲ. ಶರಣು ಮತ್ತ ಭಾಗ್ಯ ಊರು ಮುಟ್ಟೂದಕ್ಕಿಂತ ಮೊದಲು ಅವರಿಬ್ಬರೂ ಓಡಿ ಹೋದ ಸುದ್ದಿ ಮುಟ್ಟಿತ್ತು. ತಿರುಗಿ ಬಂದಾರ ಅಂದ್ರೂ ಯಾರೂ ಕೇಳಲಿಲ್ಲ. ಓಡಿ ಹೋದವರು ತಿರುಗಿ ಯಾಕ ಬಂದ್ರು ಅಂತ ಅದೊಂದು ಬ್ಯಾರೆ ಚರ್ಚಾ ನಡೀತು.

ಪಂಚಮಿತನಕ ಕಾಯೂದು ಬ್ಯಾಡ, ಈಗೇ ತೀರ್ಮಾನ ಮಾಡೋಣ ಅಂತ ಹಿರ್ಯಾರು ಬೀಗರಿಗೆ ಹೇಳಿ ಕಳಿಸಿದ್ರು. ಶರಣು ನಮ್ಮ ಕಡಿ ಓಡಿ ಬಂದ. “ಮೇಡಂ, ಕರಕೊಂಡು ಬಾ ಅಂದಾವ್ರು ನೀವು. ಈಗ ನೀವೇ ಬಂದು ಹೇಳ್ರಿ. ನನಗ ಕನ್ಯಾ ಕೊಡಬೇಕಂದಾವ್ರು ಒಲ್ಲೆ ಅಂದ್ರು, ಹೋಗ್ಲಿ. ಭಾಗ್ಯಾನ ತಂಗಿ ಬಾಳರೆ ಉಳಸ್ರಿ.” ಭಾಗ್ಯಾಗ ಫೋನ್ ಮಾಡಿ ಕೇಳಿದೆ. “ಡಾಕ್ಟರಿಗೆ ತೋರಸಾಕ ಬಂದಿದ್ಲು ಅಂತಷ್ಟ ಹೇಳ್ರಿ. ಉಳದದ್ದು ನನ್ನ ಮಾತು, ನಾ ಹೇಳಬೇಕು, ಇಲ್ಲಾ ಅಂವ ಹೇಳಬೇಕು” ಅಂದ್ಲು. ಇದು ನೆನಪಿಡ್ರಿ ಹುಡುಗ್ಯಾರ. ಪೇಷಂಟ್ ಒಪ್ಪದ ಮಾತು ಊರಿಗೆ ಬೆಂಕಿ ಬಿದ್ರೂ ನಮ್ಮ ಬಾಯಿಂದ ಬೀಳಬಾರದು.

ಡಾಕ್ಟರ್ ಮತ್ತ ನಾ ಕಮಲಾಪುರಕ್ಕ ಹೋದ್ವಿ. ಮಲ್ಲೂನ ಮನಿ ಪಡಸಾಲ್ಯಾಗ ಹಿರ್ಯಾರು ಕುಂತಿದ್ರು, ಮುಂದ ತಾಟಿನ ತುಂಬ ಕೆಂಪು ಬಾಳಿಹಣ್ಣು. ಭಾಗ್ಯಾನ ಅಪ್ಪ ಕಂಬಕ್ಕ ಒರಗಿ ತಲಿ ಕೆಳಗ ಹಾಕಿ ಕುಂತಿದ್ದ. ಮಲ್ಲು ಒಂದು ಮೂಲ್ಯಾಗ, ಕಣ್ಣು ಕೆಂಪು, ಮಾರಿ ಮ್ಯಾಲ ತೆಳ್ಳನ ನಗು. ಒಳಗಿನ ಬಾಗಲ ಹಿಂದ ಹೆಣ್ಣುಮಕ್ಕಳು.

ಭಾಗ್ಯ ನಮ್ಮ ಹಂತ್ಯಾಕ ತೋರಸಾಕ ಬಂದಿದ್ಲು, ಶರಣು ನಾವು ಹೇಳಿದ್ದಕ್ಕ ಕರಕೊಂಡು ಬಂದಿದ್ದ ಅಂತ ನಾ ಹೇಳಿದೆ. ಯಾವ ರೋಗಕ್ಕ ಅಂತ ಎಲ್ಲಾರೂ ಕೇಳಿದ್ರು. ಅದನ್ನ ಹೇಳಾಕ ಬರೂದಿಲ್ಲ ಅಂದೆ. ಅಲ್ಲಿಗೆ ನನ್ನ ಬೆಲಿ ಮುಗೀತು. ಡಾಕ್ಟರ್ ಎದ್ದು ನಿಂತು, ಯಾರ ಹೆಸರೂ ತಗೊಳ್ಳದ, ಗಾಂಜಾ ಮತ್ತ ದಾಂಪತ್ಯ ಅಂತ ಭಾಷಣ ಶುರು ಮಾಡಿದ್ರು. ಮೆದುಳು, ನರ, ಗ್ರಾಹಕ ಕೋಶ ಅಂತ ಹೊಂಟ್ರು, ಹಿರ್ಯಾರು ಆಕಳಿಸಾಕತ್ತಿದ್ರು.

ಬಿಳಿ ಮೀಸಿ ಹಿರ್ಯಾ ಒಬ್ಬ ನಡುವ ಬಾಯಿ ಹಾಕಿದ. “ಸಾಹೇಬ್ರೇ, ಸುಮ್ಕ ಏನೇನರೆ ಹೇಳಬ್ಯಾಡ್ರಿ. ಅದು ಗಂಡಸ್ತನ ಹೆಚ್ಚ ಮಾಡ್ತದ. ನಾನೂ ದಿನಾ ಸೇದಾಂವ. ನನಗ ಏಳು ಮಕ್ಕಳು!”

ಬಾಗಲ ಹಿಂದಿಂದ ಅವನ ಹೆಂಡತಿ ದನಿ ಬಂತು. “ಆ ಏಳೂ ನೀ ಅದನ್ನ ಕಲಿಯೂಕಿಂತ ಮೊದಲಿನವು. ಕಲತ ಮ್ಯಾಲ ಒಂದರೆ ಹುಟ್ಟ್ಯಾದೇನು, ಹೇಳು ಎಲ್ಲಾರ ಮುಂದ!”

ಒಳಗ ಹೆಣ್ಣುಮಕ್ಕಳು ಕಿಸಕ್ಕನ ನಕ್ಕರು. ಹೊರಗ ಗಂಡಸರು ಎಲ್ಲಾರೂ ಒಮ್ಮೆಲೆ ಬಾಳಿಹಣ್ಣು ಸುಲಿಯಾಕ ಕುಂತ್ರು. ಡಾಕ್ಟರ್ ತಾಸು ಹೊತ್ತಿನಾಗ ಹೇಳಾಕ ಆಗದ್ದನ್ನ ಆ ಮುದುಕಿ ಒಂದೇ ಉಸುರಿನಾಗ ಹೇಳಿ ಮುಗಿಸಿದ್ಲು.

ಆದ್ರ ಮಲ್ಲೂನ ಅವ್ವ ಸೋಲಾಕಿ ಅಲ್ಲ. “ಅದೆಲ್ಲಾ ಇರ್ಲಿ. ಇಕಿ ಹೊರಗ ತಿರುಗಾಡಿ ಬಂದಾಳ. ನನಗ ಮೊಮ್ಮಗ ಬೇಕು. ಸಣ್ಣಾಕಿನ್ನ ಕೊಡ್ತೀರೋ, ಇಲ್ಲಾ ದೊಡ್ಡಾಕಿನ್ನ ಕರಕೊಂಡು ಹೋಗ್ತೀರೋ?” ಅಂತ ಭಾಗ್ಯಾನ ಅಪ್ಪಗ ಕೇಳಿದ್ಲು. ಆ ಮನಿಶ್ಯಾ ಎರಡೂ ಕೈ ಜೋಡಿಸಿದ. ಬಾಯಿ ತೆಗದ್ರ ‘ಆತು’ ಅಂದೇಬಿಡ್ತಿದ್ದ.

ಅಷ್ಟರಾಗ ಭಾಗ್ಯ ಹೊರಗ ಬಂದ್ಲು. ಹಿರ್ಯಾರ ಕಡಿ ನೋಡಲಿಲ್ಲ. ಮೂಲ್ಯಾಗ ಕುಂತ ಗಂಡನ ಮುಂದ ಹೋಗಿ ಕುಂತ್ಲು.

“ನನ್ನ ತಂಗಿನ್ನ ತರ್ತಾರಂತ. ನೀ ಒಂದು ಮಾತು ಹೇಳು. ಆಕಿ ಬಾಜೂಕೂ ಹಿಂಗ ಮಲಗಾಂವೇನು?”

ಮಲ್ಲೂನ ಮಾರಿ ಮ್ಯಾಲಿನ ನಗು ನಿಂತಿತು. ತಲಿ ಎತ್ತಿ ಆಕಿನ್ನ ನೋಡಿದ. ನನಗಂತೂ ಅಂವ ಆಕಿನ್ನ ಅವತ್ತೇ ಮೊದಲು ನೋಡಾಕತ್ತಾನ ಅನಿಸ್ತು.

“ಹೂಂ” ಅಂದ. “ಹಿಂಗ ಮಲಗ್ತೀನಿ. ಯಾರನ್ನ ತಂದ್ರೂ ಅಷ್ಟ. ಅವ್ವಾ, ಇಕಿದು ಏನೂ ತಪ್ಪಿಲ್ಲ. ನನಗ ಬ್ಯಾನಿ ಅದ. ಶರಣ್ಯಾನ್ನ ಬೈಬ್ಯಾಡ್ರಿ, ಅಂವ ನನ್ನ ಸಲುವಾಗಿ ಹೋಗ್ಯಾನ.” ಹಂಗಂದು ಮೊಣಕಾಲಿನಾಗ ಮಾರಿ ಇಟ್ಟು ಅತ್ತ.

ಅವರವ್ವ ನಿಂತಲ್ಲೇ ಕುಂತ್ಲು. ಹಿರ್ಯಾರು ಒಬ್ಬೊಬ್ಬರೇ ಚಪ್ಪಲಿ ಹುಡಕಾಕತ್ತಿದ್ರು. ಸಣ್ಣಾಕಿ ಮಾತು ಆ ಮನ್ಯಾಗ ಮತ್ತ ಯಾರೂ ಎತ್ತಲಿಲ್ಲ. ಆ ಹುಡುಗಿ ಈಗ ನರ್ಸಿಂಗ್ ಮುಗಿಸ್ಯಾಳ.

ಇಲ್ಲಿಗೆ ಎಲ್ಲಾ ಸರಿ ಹೋತು ಅಂತ ತಿಳೀಬ್ಯಾಡ್ರಿ. ಭಾಗ್ಯ ಅವತ್ತೇ ಅಪ್ಪನ ಕೂಡ ತವರಿಗೆ ಹೋದ್ಲು. ಮಲ್ಲು ಆಕಿ ಚೀಲ ಹಿಡಕೊಂಡು ಬಸ್‌ಸ್ಟ್ಯಾಂಡ್ ತನಕ ಬಂದ. ಆಕಿ ಚೀಲ ಇಸಕೊಂಡು, “ಕರಿಯಾಕ ನಿಮ್ಮ ಅವ್ವ ಬರೂದು ಬ್ಯಾಡ, ಹಿರ್ಯಾರು ಬ್ಯಾಡ. ನೀ ಬಾ. ಎಚ್ಚರಿದ್ದು ಬಾ” ಅಂದ್ಲು. ಪಂಚಮಿ ಮುಗದ ಮ್ಯಾಲ ಹೋದ. ಭಾಗ್ಯ ಬಾಗಲಾಗ ನಿಂತು ಅವನ ಕಣ್ಣು ನೋಡಿ, ಚಾ ಕೊಟ್ಟು, ಹಂಗೇ ತಿರುಗಿ ಕಳಿಸಿದ್ಲಂತ. ಆಮ್ಯಾಲ ಅಂವ ನಮ್ಮ ಖೋಲಿಗೆ ಬರಾಕ ಶುರು ಮಾಡಿದ. ಬಿಡೂದು, ಮತ್ತ ಹಿಡಿಯೂದು, ನಿದ್ದಿ ಬರವಲ್ದು ಅಂತ ಒದ್ದಾಡೂದು, ಸುಮ್ಕ ಸಿಟ್ಟಿಗೇಳೂದು, ಎಲ್ಲಾ ಆತು. ಡಾಕ್ಟರ್ ಅವನಿಗೆ ಮಾತ್ರ ಕಣ್ಣಲ್ಲಿ ಕಣ್ಣಿಡೂ ಪದ್ಧತಿ ಹೇಳಲಿಲ್ಲ. ಭಾಗ್ಯ ತಿರುಗಿ ಗಂಡನ ಮನಿಗೆ ಬಂದಾಗ ಥಂಡಿ ದಿನ ಮುಗದು ಬಿಸಲು ಶುರು ಆಗಿತ್ತು.

ಒಂದಿನ ಮುಂಜಾನೆ ನಾ ಇನ್ನೂ ಕುರ್ಚಿ ಮ್ಯಾಲ ಕುಂತಿಲ್ಲ, ಭಾಗ್ಯಾನ ಫೋನ್ ಬಂತು.

“ಅಕ್ಕಾರ, ನಮ್ಮ ಮನ್ಯಾಗ ದೊಡ್ಡ ಜಗಳ ಆಗ್ಯಾದರೀ!”

ಮತ್ತ ಹಿಡದಾನೇನವ್ವಾ ಅಂದೆ.

“ಇಲ್ಲರೀ. ನೀ ನನ್ನ ಕಡಿ ಬೆನ್ನು ಮಾಡಿ ಯಾಕ ಮಲಗ್ತಿ, ಮಾರಿ ಈ ಕಡಿ ಯಾಕ ಮಾಡೂದಿಲ್ಲ ಅಂತ ಜಗಳ ತಗದಾನ. ಸಿಟ್ಟಿಲೆ ಉಂಡೂ ಇಲ್ಲ.” ಆಕಿ ದನ್ಯಾಗ ನಗು ತುಂಬಿ ಹೊರಗ ಚೆಲ್ಲಾಕತ್ತಿತ್ತು.

“ಮತ್ತ ನೀ ಮಾರಿ ತಿರುಗಿಸಿದೇನು?”

“ಇನ್ನೂ ಇಲ್ಲರೀ” ಅಂದ್ಲು. “ಜರಾ ಕಾಯಲಿ.”